ನಾಯಿಮರಿ ಕಿವಿ ಕೊಯ್ಯೋದು ಯಾಕೆ?

2025ರ ಸಂಕ್ರಾಂತಿ ಕಳೆದ ವಾರ. ರಾಗಿ ಬಡಿದು, ಹುಲ್ಲು ಮೆದೆ ಒಟ್ಟಿ ಕೈ ತೊಳೆದಿದ್ದೆ ಅಷ್ಟೆ, ಜೆ.ಪಿ. ನಗರದಿಂದ ಮಗಳ ಫೋನು. "ಅಪ್ಪಾ, ಹದಿನೈದು ದಿನ ಬಂದು ಇದ್ದು ಹೋಗು. ನಾಯಿಮರಿಗೆ ಕಿವಿ ಆಪರೇಶನ್ ಮಾಡ್ಸಿದೀವಿ. ನಾವಿಬ್ರೂ ಕೆಲಸಕ್ಕೆ ಹೋದ್ರೆ ನೋಡ್ಕೊಳ್ಳೋರಿಲ್ಲ" ಅಂದಳು. ನಮ್ಮದು ಹಾರೋಹಳ್ಳಿ ಕಡೆ, ಮಳೆ ನೆಚ್ಚಿದ ಎರಡೂವರೆ ಎಕರೆ. ರಾಗಿ, ಸಾಲಿಗೆ ಅವರೆ, ಅಂಚಿಗೆ ಹುಚ್ಚೆಳ್ಳು. ಸಂಕ್ರಾಂತಿ ಆದ ಮೇಲೆ ಬಿಡುವೇ. ಕನಕಪುರ ರಸ್ತೆ ಬಸ್ ಹತ್ತಿ ಸಾರಕ್ಕಿ ಸಿಗ್ನಲ್‌ನಲ್ಲಿ ಇಳಿದೆ.

ಕಿವಿಗೆ ಏನೋ ಹುಣ್ಣಾಗಿತ್ತು, ಅದಕ್ಕೇ ಆಪರೇಶನ್ ಅಂದುಕೊಂಡು ಹೋದವನು ನಾನು. ನೋಡಿದರೆ ಎರಡೂವರೆ ತಿಂಗಳ ಡಾಬರ್‌ಮನ್ ಮರಿ. ಬಾಲ ಮೊದಲೇ ಮೋಟು. ನೆತ್ತಿ ಮೇಲೆ ಒಂದು ಲೋಟದಂಥದ್ದು ಕೂರಿಸಿ, ಎರಡು ಕಿವಿಯನ್ನೂ ನೆಟ್ಟಗೆ ಎಳೆದು ಅದಕ್ಕೆ ಪ್ಲಾಸ್ಟರ್ ಸುತ್ತಿದ್ದರು. ಕೆರೆದುಕೊಳ್ಳದಿರಲಿ ಅಂತ ಕುತ್ತಿಗೆಗೆ ಸೀಮೆಎಣ್ಣೆ ಲಾಳಿಕೆ ಹಾಗೆ ಒಂದು ಪ್ಲಾಸ್ಟಿಕ್. ಜೋತು ಬಿದ್ದಿದ್ದ ಒಳ್ಳೆ ಕಿವಿಯನ್ನ ಅರ್ಧ ಕೊಯ್ಯಿಸಿದ್ದರು. ಯಾಕೆ ಅಂದೆ. "ಚೂಪಾಗಿ ನಿಂತ್ರೇನೇ ಮಾವ ಲುಕ್ ಬರೋದು. ಮಾರಿದವರೇ ಡಾಕ್ಟ್ರ ವಿಳಾಸ ಕೊಟ್ಟರು" ಅಂದರು ಅಳಿಯಂದ್ರು. ಅವರ ಮನೆಯಲ್ಲಿ ಕೂತು ಅವರಿಗೇ ಬುದ್ಧಿ ಹೇಳೋದು ಹೇಗೆ? ಸುಮ್ಮನಾದೆ.

ಕೊಯ್ಯೋದು ಒಂದು ಗಂಟೆ ಕೆಲಸವಂತೆ, ಮತ್ತು ಬರೋ ಔಷಧಿ ಕೊಟ್ಟು. ಆಮೇಲಿನ ಆರೈಕೆ ಇದೆಯಲ್ಲ, ಅದು ತಿಂಗಳುಗಟ್ಟಲೆ. ದಿನಕ್ಕೆ ಎರಡು ಸಲ ಕೊಯ್ದ ಅಂಚನ್ನ ಡಾಕ್ಟ್ರು ಕೊಟ್ಟ ಔಷಧಿ ಹಚ್ಚಿ ಒರೆಸಬೇಕು. ನೀರು ತಾಗಬಾರದು. ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ, ನಾಲ್ಕೈದು ದಿನಕ್ಕೊಮ್ಮೆ ಹಳೇ ಪ್ಲಾಸ್ಟರ್ ಬಿಚ್ಚಿ ಹೊಸದು ಸುತ್ತಬೇಕು. ಬಿಚ್ಚುವಾಗ ಕೂದಲು, ಚರ್ಮ ಎಲ್ಲಾ ಎಳೆಯುತ್ತೆ. ನಾನು ತೊಡೆ ಮೇಲೆ ಒತ್ತಿ ಹಿಡಿಯೋದು, ಮಗಳು ಬಿಚ್ಚೋದು. ಮರಿ ಅರಚೋ ಸದ್ದಿಗೆ ಪಕ್ಕದ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದರು. ಪ್ಲಾಸ್ಟರ್ ಒಳಗೆ ಬೆವರು ನಿಂತು ಒಂದು ಕಿವಿ ವಾಸನೆ ಹೊಡೆಯೋಕೆ ಶುರುವಾಯ್ತು. ಮತ್ತೆ ಆಟೋ, ಮತ್ತೆ ಮಾತ್ರೆ. ನಾಲ್ಕು ತಿಂಗಳಿಗೆ ಹಲ್ಲು ಬದಲಾಗುವಾಗ ನಿಂತ ಕಿವಿಯೂ ಬೀಳುತ್ತಂತೆ, ಆಗ ಮತ್ತೆ ಕಟ್ಟಬೇಕು. ಹದಿನೈದು ದಿನಕ್ಕೆ ಹೋದವನು ಒಂದು ತಿಂಗಳಿದ್ದು ಬಂದೆ.

ಎಲ್ಲಾ ಸೇರಿ ಹತ್ತು ಸಾವಿರದ ಮೇಲೆ ಖರ್ಚಾಯಿತು. 2024-25ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ. ಎರಡೂವರೆ ಕ್ವಿಂಟಾಲ್ ರಾಗಿ ನಾಯಿ ಕಿವಿಗೆ ಹೋಯ್ತು ಅಂತ ನನ್ನ ಲೆಕ್ಕ. ಇಷ್ಟು ಮಾಡಿಯೂ ಒಂದು ಕಿವಿ ನಿಂತಿತು, ಇನ್ನೊಂದು ಅಡ್ಡಕ್ಕೆ ಮಡಚಿಕೊಂಡಿದೆ.

ಪೇಟೆಯವರ ಶೋಕಿ, ನಮಗೇನು ಅಂತ ಓದುಗರು ಅನ್ನಬಹುದು. ಹಾಗನ್ನೋ ಹಕ್ಕು ನಮಗಿಲ್ಲ. ಕಿವಿ ಕೊಯ್ದರೆ ನಾಯಿ ಜೋರಾಗುತ್ತೆ ಅನ್ನೋ ಮಾತು ನಮ್ಮ ಊರಿನದ್ದೇ. 1986ರಲ್ಲಿ ನನಗೆ ಹದಿನಾರು. ಮನೆ ನಾಯಿ ಹಾಕಿದ ಎರಡು ಗಂಡು ಮರಿಗೆ ನಾನೇ ಬ್ಲೇಡಲ್ಲಿ ಕಿವಿ ಕೊಯ್ದೆ. ಗೆಳೆಯ ಕಾಲು ಹಿಡಿದ. ಮತ್ತು ಇಲ್ಲ, ಹೊಲಿಗೆ ಇಲ್ಲ, ಒಲೆ ಬೂದಿ ಮೆತ್ತಿದ್ದೇ ಔಷಧಿ. ಕೊಯ್ದ ಚೂರನ್ನ ಸುಟ್ಟು ಅದೇ ಮರಿಗೆ ತಿನ್ನಿಸಿದೆವು, ಹಾಗೆ ಮಾಡಿದರೆ ರೋಷ ಬರುತ್ತೆ ಅಂತ ಹಿರಿಯರು ಹೇಳಿದ್ದರು. ಐದನೇ ದಿನಕ್ಕೆ ಒಂದು ಮರಿ ಕಿವಿಗೆ ಹುಳ ಬಿತ್ತು. ತಲೆ ಒದರಿಕೊಂಡು ಮೆದೆ ಸಂದಿಗೆ ಸೇರಿತು, ಈಚೆ ಬರಲೇ ಇಲ್ಲ. ವಾಸನೆ ಬಂದ ಮೇಲೆ ಎಳೆದು ಹಾಕಿದೆವು. ನಮ್ಮವ್ವ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಉಳಿದ ಇನ್ನೊಂದು ಏನು ಜೋರಾಯಿತು? ಪಟಾಕಿ ಸದ್ದಿಗೆ ಕೊಟ್ಟಿಗೆ ಸೇರುತ್ತಿತ್ತು.

ಇಷ್ಟು ಮಾಡಿದವನಾಗಿ ಹೇಳ್ತಾ ಇದೀನಿ, ಕಿವಿಗೂ ಕಾವಲಿಗೂ ಸಂಬಂಧ ಇಲ್ಲ. ನಾಯಿ ಕೇಳೋದು ಒಳಗಿನ ಕಿವಿಯಿಂದ. ಹೊರಗಿನ ಹಾಳೆ ಮಳೆ, ನೊಣ, ಧೂಳಿಗೆ ಅಡ್ಡ. ಕಾವಲು ಬರೋದು ತಾಯಿ ಗುಣದಿಂದ, ನಾವು ಸಾಕುವ ರೀತಿಯಿಂದ. ನಮ್ಮ ಮುಧೋಳ ನಾಯಿ ನೋಡಿ. ಅದಕ್ಕೆ ಹುಟ್ಟಾ ಜೋಲು ಕಿವಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, 2016ರಲ್ಲಿ ಸೈನ್ಯದವರು ತರಬೇತಿಗೆ ಮರಿ ಒಯ್ದರು. ಕಿವಿ ಚೂಪಾಗಿಲ್ಲ ಅಂತ ಯಾರೂ ಬಿಟ್ಟು ಹೋಗಲಿಲ್ಲ. ಡಾಬರ್‌ಮನ್ ಹುಟ್ಟಿದ ಜರ್ಮನಿಯಲ್ಲೇ 1987ರಿಂದ ಕಿವಿ ಕೊಯ್ಯೋ ಹಾಗಿಲ್ಲ. ಅಲ್ಲಿ ಬಿಟ್ಟದ್ದನ್ನ ಜೆ.ಪಿ. ನಗರದಲ್ಲಿ ದುಡ್ಡು ಕೊಟ್ಟು ಮಾಡಿಸ್ತಾರೆ.

ಚಿರತೆ ಕಿವಿ ಹಿಡಿದು ಎಳೆಯುತ್ತೆ, ಅದಕ್ಕೇ ಕೊಯ್ಯೋದು ಅನ್ನೋರೂ ಇದ್ದಾರೆ. ನಮ್ಮ ಕಡೆ ಚಿರತೆ ಕಾಟ ಸುಳ್ಳಲ್ಲ, ನಾನೇ ಎರಡು ನಾಯಿ ಕಳಕೊಂಡಿದೀನಿ. ಆದರೆ ಅದು ಬಾಯಿ ಹಾಕೋದು ಕುತ್ತಿಗೆಗೆ. ಕುಲುಮೆಯವರ ಹತ್ತಿರ ದಪ್ಪ ಚರ್ಮದ ಪಟ್ಟಿಗೆ ಕಬ್ಬಿಣದ ಮುಳ್ಳು ಹೊಡೆಸಿ ಕಟ್ಟಿ, ರಾತ್ರಿ ನಾಯಿಯನ್ನ ಬಯಲಲ್ಲಿ ಸರಪಳಿ ಹಾಕಿ ಬಿಡಬೇಡಿ. ಕಿವಿ ಕೊಯ್ಯೋದಕ್ಕಿಂತ ಅದು ಮೇಲು.

ಜೆ.ಪಿ. ನಗರದಲ್ಲಿ ಕೊನೆಗೆ ಬಾಯಿಬಿಟ್ಟಾಗ ಅಳಿಯಂದ್ರು ಕೇಳಿದ ಒಂದು ಮಾತಿಗೆ ಮಾತ್ರ ನಾನು ತಡವರಿಸಿದೆ. "ಮಾವ, ನೀವು ಹೋರಿಗೆ ಮೂಗುದಾರ ಚುಚ್ಚಲ್ವಾ? ಬೀಜ ಒಡೆಸಲ್ವಾ? ಕುರಿ ಕಿವಿ ಕತ್ತರಿಸಿ ಗುರುತು ಮಾಡಲ್ವಾ?" ಮಾಡ್ತೀವಿ, ನಿಜ. ಎಷ್ಟೋ ರಾತ್ರಿ ಯೋಚನೆ ಮಾಡಿದೆ. ಮೂಗುದಾರ ಇಲ್ಲದಿದ್ದರೆ ಎತ್ತು ಹಿಡಿತಕ್ಕೆ ಬರಲ್ಲ, ಆಳು ಸಾಯ್ತಾನೆ. ಕಿವಿ ಕೊಯ್ಯದಿದ್ದರೆ ಯಾರಿಗೆ ಏನು ನಷ್ಟ? ಪರಿಚಯದ ವಕೀಲರನ್ನ ಕೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಇದೇ ಭೇದ ಇದೆಯಂತೆ. ಪ್ರಾಣಿಯ ಅಂಗ ಊನ ಮಾಡೋದು ತಪ್ಪು, ಆದರೆ ದನಕ್ಕೆ ಕೊಂಬು ತೆಗೆಸೋದು, ಬೀಜ ಒಡೆಸೋದು, ಮೂಗುದಾರ ಹಾಕೋದನ್ನ ನಿಯಮದ ಪ್ರಕಾರ ಮಾಡಿದರೆ ಬಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ನಾಯಿ ಕಿವಿ ಇಲ್ಲ. ಆದರೆ ಕಾಯ್ದೆಯಲ್ಲಿ ಬರೆದ ದಂಡ ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ! ಇದು ಹೆದರಿಸೋ ದಂಡವೇ? 2011ರಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು ಡಾಕ್ಟ್ರುಗಳು ಚಂದಕ್ಕೆ ಕಿವಿ ಬಾಲ ಕತ್ತರಿಸಬಾರದು ಅಂತ ಬರೆದಾಗ, ಜಾತಿನಾಯಿ ಕ್ಲಬ್ಬಿನವರು ಕೋರ್ಟಿಗೆ ಹೋದರು. 2013ರಲ್ಲಿ ಮದ್ರಾಸ್ ಹೈಕೋರ್ಟ್ ಆ ಪತ್ರ ರದ್ದು ಮಾಡಿತು. ಹಾಗಾಗಿ ಕಾನೂನು ಕಾಯುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಕೊಯ್ಯಿಸೋರು ಬೇಡ ಅಂದರೇನೇ ನಿಲ್ಲೋದು.

ಅಂದಹಾಗೆ, ಕುರಿ ಕಿವಿ ವಿಷಯದಲ್ಲಿ ಅಳಿಯಂದ್ರ ಮಾತೇ ಸರಿ ಅಂತ ನನಗೂ ಅನ್ನಿಸುತ್ತೆ. ಬಣ್ಣ ಬಳಿದರೂ ಗುರುತು ಸಿಗುತ್ತೆ.

ಯಾರಾದರೂ ಆಗಲೇ ಕೊಯ್ದಿದ್ದರೆ ಬೈದು ಪ್ರಯೋಜನ ಇಲ್ಲ, ಮರಿ ಉಳಿಸಬೇಕು. ಬೂದಿ, ಸಗಣಿ, ಖಾರದಪುಡಿ ಏನೂ ಮೆತ್ತಬೇಡಿ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಅರಿವೆ ಅದ್ದಿ ಒರೆಸಿ, ನೊಣ ಕೂರದ ಕಡೆ ಕಟ್ಟಿ. ಫಿನಾಯಿಲ್ ಸುರೀಲೇಬೇಡಿ, ನಾಯಿ ನೆಕ್ಕಿದರೆ ವಿಷ. ನಮ್ಮ ನೋವಿನ ಮಾತ್ರೆಯೂ ನಾಯಿಗೆ ಆಗಲ್ಲ. ಹುಳ ಕಂಡರೆ, ಕೀವು ಬಂದರೆ, ಮೇವು ಬಿಟ್ಟರೆ ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಮರಿಗೆ ದುಡ್ಡು ಹಾಕೋ ಆಸೆ ಇದ್ದರೆ ಆರೆಂಟು ವಾರಕ್ಕೆ ಪಾರ್ವೊ ಲಸಿಕೆ ಶುರು ಮಾಡಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಕಿವಿ ಕೊಯ್ಯೋದೂ ಇದೇ ವಯಸ್ಸಲ್ಲಿ. ಇದ್ದ ದುಡ್ಡು ಒಂದಕ್ಕೇ ಸಾಲೋದಾದರೆ ಯಾವುದಕ್ಕೆ ಅಂತ ನೀವೇ ನೋಡಿ.

ಜೆ.ಪಿ. ನಗರದ ನಾಯಿಗೆ ಈಗ ವರ್ಷ ತುಂಬಿದೆ. ಒಳ್ಳೆ ನಾಯಿ, ನನ್ನ ಕಂಡರೆ ಪ್ರಾಣ. ಆದರೆ ತಲೆ ಹತ್ತಿರ ಕೈ ತಂದರೆ ಇವತ್ತಿಗೂ ಹಿಂದಕ್ಕೆ ಸರಿದು ಗುರ್ ಅನ್ನುತ್ತೆ. ಕಿವಿ ಹತ್ತಿರ ಉಣ್ಣೆ ಕಚ್ಚಿದ್ದರೂ ತೆಗೆಯೋಕೆ ಬಿಡಲ್ಲ, ಬಾಯಿಗೆ ಕುಕ್ಕೆ ಕಟ್ಟಬೇಕು. ಮೊನ್ನೆ ಅಳಿಯಂದ್ರೇ ಅಂದರು, "ಇನ್ನೊಂದು ತಂದರೆ ಕಿವಿ ಮುಟ್ಟಿಸಲ್ಲ ಮಾವ" ಅಂತ.

ನಮ್ಮ ಕೆಂಚಿ ಈ ಸಲ ಐದು ಮರಿ ಹಾಕಿದೆ, ಮೂರು ಗಂಡು. ಕೇಳಿಕೊಂಡು ಇಬ್ಬರು ಬಂದಿದ್ದರು. ಒಬ್ಬನ ಜೇಬಲ್ಲಿ ಬ್ಲೇಡು ಇತ್ತು, ಅವನನ್ನ ಕಾಫಿ ಕೊಟ್ಟು ಕಳಿಸಿದೆ. ಕಿವಿ ಮುಟ್ಟಲ್ಲ ಅನ್ನೋರು ಯಾರಾದರೂ ಇದ್ದರೆ ಬನ್ನಿ, ಇನ್ನೂ ನಾಲ್ಕು ಇವೆ.