ಜ್ವರ ಇಲ್ಲ ಅಂದ್ರೆ ನಂಜೂ ಇಲ್ಲ ಅಂತಲ್ಲ: ಬಳ್ಳಾರಿ ಬಾಣಂತಿಯರ ಸಾವು ನಮ್ಮ ತಾಲೂಕುಗಳಿಗೆ ಕೇಳುವ ಪ್ರಶ್ನೆ

ಕೊಪ್ಪಳ: "ಮೈ ಬಿಸಿ ಇಲ್ಲಲ್ರೀ, ಸುಸ್ತಾಗೇತಿ ಅಷ್ಟ. ಮಲಗಲಿ ಬಿಡ್ರಿ." ಹೆರಿಗೆ ವಾರ್ಡಿನ ಹೊರಗೆ ಕೂತ ಸಂಬಂಧಿಕರ ಬಾಯಲ್ಲಿ ಈ ಮಾತು ಕೇಳದವರು ಕಡಿಮೆ. ಸಾಮಾನ್ಯವಾಗಿ ಅದು ನಿಜವೂ ಹೌದು. ಆದರೆ ಕೆಲವೊಮ್ಮೆ ಆ 'ಸುಸ್ತೇ' ಮೊದಲ ಎಚ್ಚರಿಕೆ ಆಗಿರುತ್ತದೆ, ಆಮೇಲೆ ಉಳಿಯುವುದು ಕೆಲವೇ ತಾಸು.

ಡಾಕ್ಟರು ಇದಕ್ಕೆ ಸೆಪ್ಸಿಸ್ ಅಂತಾರೆ. ನಮ್ಮ ಕಡೆ ಗಾಯ ಕೀವಾದರೆ 'ಸೆಪ್ಟಿಕ್ ಆತು' ಅಂತೀವಲ್ಲ, ಅದಕ್ಕಿಂತ ಬಹಳ ದೊಡ್ಡದು ಇದು. ಸೋಂಕು ಎಲ್ಲೋ ಒಂದು ಕಡೆ ಇರುತ್ತದೆ: ಹೊಲಿಗೆಯಲ್ಲಿ, ಗರ್ಭಕೋಶದಲ್ಲಿ, ಪುಪ್ಪುಸದಲ್ಲಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ. ಅದನ್ನು ಎದುರಿಸಲು ಹೊರಟ ದೇಹ ಹದ ತಪ್ಪಿ ತನ್ನದೇ ಕಿಡ್ನಿ, ಪುಪ್ಪುಸ, ಮಿದುಳಿಗೆ ಹೊಡೆತ ಕೊಡುತ್ತದೆ. ಕೊನೆಗೆ ಮನೆಯವರ ಕಿವಿಗೆ ಬೀಳುವುದು 'ಬಹು ಅಂಗಾಂಗ ವೈಫಲ್ಯ' ಅನ್ನೋ ಮಾತು. ಶುರು ಎಲ್ಲಿಂದ ಆಯ್ತು ಅನ್ನೋದು ಯಾರಿಗೂ ನೆನಪಿರುವುದಿಲ್ಲ.

ಪಕ್ಕದ ಜಿಲ್ಲೆಯಲ್ಲಿ ಆಗಿದ್ದು

2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. ಅವರಲ್ಲಿ ಏಳು ಬಾಣಂತಿಯರಿಗೆ ಕಿಡ್ನಿ ಕೈಕೊಟ್ಟಿತು, ಒಂದೊಂದೇ ಅಂಗ ಸೋತವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡರು. ಅನುಮಾನ ಬಿದ್ದಿದ್ದು ರಿಂಗರ್ ಲ್ಯಾಕ್ಟೇಟ್ ಸಲೈನ್ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯ ಆ ಸಲೈನ್ ಬಳಕೆಯನ್ನು ಸರ್ಕಾರ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಇದನ್ನು ನೇರ ಸೆಪ್ಸಿಸ್ ಅನ್ನೋಕಾಗಲ್ಲ. ಆದರೆ ಹತ್ತಿರದ್ದೇ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಹೊರಕವಚದ ವಿಷ ಉಳಿಯುತ್ತದೆ, ಅದಕ್ಕೆ ಎಂಡೋಟಾಕ್ಸಿನ್ ಅನ್ನುತ್ತಾರೆ. ಅಂಥ ವಿಷ ಸಲೈನ್ ಮೂಲಕ ರಕ್ತಕ್ಕಿಳಿದರೆ ದೇಹ ನಂಜೇರಿದ ಹಾಗೇ ವರ್ತಿಸುತ್ತದೆ.

ಇಲ್ಲೊಂದು ಕಹಿ ಸತ್ಯ ಐತಿ. ನಂಜೇರಿ ಬಿಪಿ ಕುಸಿದ ರೋಗಿಗೆ ಮೊದಲು ಕೊಡಬೇಕಾದದ್ದೂ ಇದೇ ಜಾತಿಯ ಸಲೈನ್. ತೂಕದ ಪ್ರತಿ ಕಿಲೋಗೆ 30 ಮಿ.ಲೀ., ಅಂದರೆ 50 ಕೆ.ಜಿ. ಹೆಣ್ಣುಮಗಳಿಗೆ ಮೂರು ತಾಸಿನೊಳಗೆ ಒಂದೂವರೆ ಲೀಟರ್ ಅನ್ನೋದು ಅಂತಾರಾಷ್ಟ್ರೀಯ ಮಾರ್ಗಸೂಚಿಯ ಲೆಕ್ಕ. ಬಳ್ಳಾರಿ ಸುದ್ದಿ ಓದಿ 'ಸಲೈನ್ ಬ್ಯಾಡ್ರಿ' ಅಂತ ಹಟ ಹಿಡಿಯುವುದೂ ತಪ್ಪು, 'ಎರಡು ಬಾಟ್ಲಿ ಏರಿಸಿಬಿಡ್ರಿ, ಸರಿ ಹೋಗ್ತಾಳ' ಅನ್ನೋ ನಮ್ಮ ಹಳೇ ನಂಬಿಕೆಯೂ ತಪ್ಪು. ಜಾಂಬಿಯಾ ದೇಶದಲ್ಲಿ ನಂಜೇರಿ ಬಿಪಿ ಇಳಿದವರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಧಾರಾಳವಾಗಿ ಸಲೈನ್ ಕೊಟ್ಟ ಗುಂಪಿನಲ್ಲಿ 48% ಮಂದಿ ಸತ್ತರೆ, ಎಂದಿನಂತೆ ನೋಡಿಕೊಂಡ ಗುಂಪಿನಲ್ಲಿ ಸತ್ತವರು 33%. ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು, ಹಾಗಾಗಿ ಅದನ್ನು ಇಲ್ಲಿಗೆ ಹಂಗೇ ತಂದು ಅಂಟಿಸೋಕಾಗಲ್ಲ. ಆದರೂ ಬಾಟ್ಲಿ ಹಚ್ಚಿ ಪಕ್ಕಕ್ಕೆ ಹೋಗುವ ಚಿಕಿತ್ಸೆ ಇದಲ್ಲ ಅನ್ನೋದಂತೂ ಖಾತ್ರಿ. ಅರ್ಧ ತಾಸಿಗೊಮ್ಮೆ ಬಂದು ನೋಡುವವರು ಬೇಕು.

ನೋಡಬೇಕಾದ್ದು ಏನು

ಮೈ ಮುಟ್ಟಿ ನೋಡಿದರೆ ಸಾಲದು. ನಂಜೇರಿದವರ ಮೈ ಕೆಲವೊಮ್ಮೆ ತಣ್ಣಗಾಗುತ್ತದೆ. ಉಸಿರು ಎಣಿಸಿ. ದೊಡ್ಡವರಲ್ಲಿ ನಿಮಿಷಕ್ಕೆ 22 ದಾಟಿದರೆ, ಬಾಣಂತಿಯರಲ್ಲಿ 25 ದಾಟಿದರೆ ಸಿಸ್ಟರ್‌ನ ಕರೀರಿ. ಮೊಬೈಲ್‌ನ ಗಡಿಯಾರ ಸಾಕು, ಯಾವ ಯಂತ್ರವೂ ಬೇಡ. ಬೆರಳ ತುದಿಯನ್ನು ಬಿಳುಚುವ ಹಾಗೆ ಹತ್ತು ಸೆಕೆಂಡ್ ಒತ್ತಿ ಬಿಡಿ, ಮೂರು ಸೆಕೆಂಡ್ ಆದರೂ ಕೆಂಪು ಮರಳಲಿಲ್ಲ ಅಂದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಅಂತ ಲೆಕ್ಕ. ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲೂ ಇದನ್ನು ನೋಡುತ್ತಾರೆ.

ಮೂತ್ರದ ವಿಷಯ ನಮ್ಮಲ್ಲಿ ಕಣ್ತಪ್ಪಿ ಹೋಗುತ್ತದೆ, ಅದಕ್ಕೆ ಕಾರಣವೂ ಐತಿ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅನ್ನೋ ಪದ್ಧತಿ ಇನ್ನೂ ಹಲವು ಮನೆಗಳಲ್ಲಿ ನಡೀತಿದೆ. ಹಂಗಾಗಿ ಆರು ತಾಸು ಮೂತ್ರ ಆಗದಿದ್ದರೂ 'ನೀರು ಕುಡಿದಿಲ್ಲಲ್ಲ' ಅಂತ ಸುಮ್ಮನಿರುತ್ತಾರೆ. ಕಿಡ್ನಿ ಸೋಲುತ್ತಿರುವುದು ಗೊತ್ತಾಗುವ ದಾರಿಯೇ ಮುಚ್ಚಿ ಹೋಗುತ್ತದೆ.

ಇನ್ನು ಮಾತು. ತಾಯಿ ಕೂಸಿನ ಕಡೆ ನೋಡುತ್ತಿಲ್ಲ, ಏನೇನೋ ಬಡಬಡಿಸುತ್ತಾಳೆ, ಕರೆದರೆ ತಡವಾಗಿ ಓಗೊಡುತ್ತಾಳೆ ಅಂದರೆ ಹಿರಿಯರು 'ಬಾಣಂತಿ ಸನ್ನಿ' ಅಂತಾರೆ. ಗಾಳಿ ಸೋಕಿತು ಅಂತ ಕಿವಿಗೆ ಹತ್ತಿ ಇಡ್ತಾರೆ, ತಾಯತ ಕಟ್ಟಿಸ್ತಾರೆ. ಹೆರಿಗೆ ನಂತರದ ಮಾನಸಿಕ ಕಾಯಿಲೆಯೂ ಇರಬಹುದು, ಆದರೆ ನಂಜು ಮಿದುಳಿಗೆ ಮುಟ್ಟಿದಾಗಲೂ ಹೀಗೇ ಕಾಣುತ್ತದೆ. ಎರಡರಲ್ಲಿ ಯಾವುದೇ ಆದರೂ ಜಾಗ ಆಸ್ಪತ್ರೆಯೇ.

ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ತೂಕದ ಜೊತೆ ತಾಯಿಯ ಉಸಿರನ್ನೂ ಎಣಿಸಲು ಹೇಳಿ.

ತಾಸು ಎಲ್ಲಿ ಕಳೆಯುತ್ತದೆ

ಬಿಪಿ ಕುಸಿದ ನಂಜಿಗೆ ಮೊದಲ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬೀಳಬೇಕು. ಈಗ ನಮ್ಮ ದಾರಿ ನೋಡಿ. ಕುಷ್ಟಗಿ ಅಥವಾ ಯಲಬುರ್ಗಾದ ಹಳ್ಳಿಯಿಂದ ಮೊದಲು ಊರಿನ ಇಂಜೆಕ್ಷನ್ ಡಾಕ್ಟರ ಹತ್ತಿರ. ಅಲ್ಲಿ ಕೊಡುವ ಡೆಕ್ಸಾ ಜ್ವರ ಇಳಿಸುತ್ತದೆ, ಸೋಂಕು ಇಳಿಸಲ್ಲ. ಒಂದು ರಾತ್ರಿ ಅಲ್ಲೇ ಹೋಯ್ತು. ಮರುದಿನ ತಾಲೂಕು ಆಸ್ಪತ್ರೆ, ಅಲ್ಲಿಂದ 108ಕ್ಕೆ ಕಾಯ್ದು ಕೊಪ್ಪಳ ಕಿಮ್ಸ್, ಕೈಮೀರಿದರೆ ಹುಬ್ಬಳ್ಳಿ ಇಲ್ಲವೇ ಬಳ್ಳಾರಿ. ಗಂಗಾವತಿಯವರಿಗೆ ಖಾಸಗಿ ಆಸ್ಪತ್ರೆಗಳಿವೆ, ಆದರೆ ಅಲ್ಲೂ ಮುಂಗಡ ಹೊಂದಿಸುವಷ್ಟರಲ್ಲಿ ತಾಸು ಹೋಗುತ್ತದೆ.

ಹಂಗಾದ್ರೆ ತಾಲೂಕು ಮಟ್ಟದಲ್ಲಿ ಏನೂ ಆಗಲ್ವಾ? ಆಗುತ್ತೆ. ಮಲಾವಿ, ಉಗಾಂಡಾ ನಮಗಿಂತ ಬಡ ದೇಶಗಳು. ಅಲ್ಲಿನ 59 ಆಸ್ಪತ್ರೆಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ ಔಷಧಿ ಇರಲಿಲ್ಲ, ದುಬಾರಿ ಯಂತ್ರವೂ ಇರಲಿಲ್ಲ. ಕೈ ತೊಳೆಯುವುದನ್ನು ಬಿಗಿ ಮಾಡಿದರು. ನಂಜಿನ ಲಕ್ಷಣ ಕಂಡ ಕೂಡಲೇ ಸಲೈನ್, ಆ್ಯಂಟಿಬಯೋಟಿಕ್, ಸೋಂಕಿನ ಮೂಲ ತೆಗೆಯುವುದು, ಬೇಕಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುವುದು, ಬಿಡದೆ ನೋಡುತ್ತಿರುವುದು, ಇಷ್ಟನ್ನು ರೂಢಿ ಮಾಡಿದರು. ಸೋಂಕಿನಿಂದ ತಾಯಂದಿರ ಸಾವು ಮತ್ತು ಗಂಭೀರ ತೊಂದರೆ ಸುಮಾರು ಮೂರನೇ ಒಂದು ಭಾಗ ಇಳಿಯಿತು.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಐತಿ. ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅಜಿತ್ರೋಮೈಸಿನ್ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಇತ್ತು. ಸಹಜ ಹೆರಿಗೆಗೆ ಬಂದವರಿಗೆ ನೋವು ಶುರುವಾದಾಗ ಒಂದೇ ಸಲ 2 ಗ್ರಾಂ ಕೊಟ್ಟರೆ ತಾಯಿಗೆ ಸೆಪ್ಸಿಸ್ ಅಥವಾ ಸಾವಿನ ಪ್ರಮಾಣ 2.4%ರಿಂದ 1.6%ಕ್ಕೆ ಇಳಿಯಿತು ಅಂತ 2023ರಲ್ಲಿ ವರದಿಯಾಯಿತು. (ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಓಡಬೇಡಿ. ಚೀಟಿ ಇಲ್ಲದೆ ನೆಗಡಿಗೂ ಅದೇ ಗುಳಿಗೆ ನುಂಗಿ ನುಂಗಿ ಔಷಧಿ ನಾಟದಂತೆ ಮಾಡಿಕೊಂಡಿರೋದೂ ನಾವೇ, ಮಾರೋದೂ ನಮ್ಮದೇ ಬಜಾರು.)

ಬಳ್ಳಾರಿ ನಂತರ ಸರ್ಕಾರ ತಾಯಂದಿರ ಸಾವಿನ ಆಡಿಟ್ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ 464 ಸಾವು. ಅದರಲ್ಲಿ 70%ಕ್ಕೂ ಹೆಚ್ಚು ತಪ್ಪಿಸಬಹುದಿತ್ತು ಅಂತ ವರದಿ ಹೇಳಿತು. ಸಲೈನ್ ಹಗರಣದ ಗದ್ದಲದಲ್ಲಿ ಈ ಸಂಖ್ಯೆ ಮೇಲೆ ಚರ್ಚೆ ಆಗಲೇ ಇಲ್ಲ ಅನ್ನಬೇಕು. ಕಂಪನಿ ಒಂದು ಕೆಟ್ಟಿದ್ದರೆ ಅದನ್ನು ಹೊರಗೆ ಹಾಕಬಹುದು. ರಾತ್ರಿ ಪಾಳಿಯಲ್ಲಿ ವಾರ್ಡ್ ತುಂಬ ಬಾಣಂತಿಯರಿದ್ದು ನೋಡುವ ಸಿಸ್ಟರ್ ಒಬ್ಬರೇ ಇದ್ದರೆ, ಉಸಿರು ಎಣಿಸಿ ಬರೆಯುವವರು ಯಾರು? ಶಾಸಕರು ಹೊಸ ಕಟ್ಟಡದ ಫೋಟೋ ಹಾಕುವಾಗ ಈ ಪ್ರಶ್ನೆ ಕಾಮೆಂಟಿನಲ್ಲಿ ಯಾರೂ ಕೇಳೋದಿಲ್ಲ.

ಸದ್ಯ ರೋಗಿಯ ಕಡೆಯವರು ಮಾಡಬಹುದಾದ ಒಂದು ಕೆಲಸ ಐತಿ. 'ಮುಂದಕ್ಕೆ ಒಯ್ಯಿರಿ' ಅಂದಾಗ ಜಗಳಕ್ಕೆ ನಿಲ್ಲದೆ ರೆಫರಲ್ ಚೀಟಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಯಾವ ಆ್ಯಂಟಿಬಯೋಟಿಕ್ ಎಷ್ಟು ಗಂಟೆಗೆ ಕೊಟ್ಟರು, ಎಷ್ಟು ಸಲೈನ್ ಹೋಯ್ತು, ಕೊನೆಯ ಬಾರಿ ಮೂತ್ರ ಆಗಿದ್ದು ಯಾವಾಗ. ಇನ್ನೂ ಇಂಜೆಕ್ಷನ್ ಕೊಟ್ಟಿಲ್ಲ ಅಂತಾದರೆ, ಆ್ಯಂಬುಲೆನ್ಸ್ ಬರೋದ್ರೊಳಗೆ ಮೊದಲ ಡೋಸ್ ಇಲ್ಲೇ ಕೊಡ್ರಿ ಅಂತ ಡಾಕ್ಟರ್‌ನ ಕೇಳಿ.