ಪೀಪಾಯಿ ಹೋಯಿತು, ಸೀಸೆ ಉಳಿಯಿತು

ಸಕಲೇಶಪುರ, ಆಲೂರುಗಳ ಹಳೆಯ ತೊಟ್ಟಿಮನೆಗಳ ಉಗ್ರಾಣದಲ್ಲಿ ಜೇನುತುಪ್ಪ ತುಂಬಿಟ್ಟ ದಪ್ಪ ಗಾಜಿನ ಕಂದು ಸೀಸೆಗಳಿರುತ್ತಿದ್ದುವು. ಮದ್ಯದ ಹೆಸರೆತ್ತಿದರೆ ಮುಖ ತಿರುಗಿಸುವ ಅಜ್ಜಿಯೂ ಅದನ್ನು ‘ಬೀರಿನ ಸೀಸೆ’ ಎಂದೇ ನಿಸ್ಸಂಕೋಚವಾಗಿ ಕರೆಯುತ್ತಿದ್ದರು. ಗಾಜು ಗಟ್ಟಿ, ಬಿರಡೆ ಭದ್ರ, ಇರುವೆ ಸುಳಿಯದು. ಗೃಹಕೃತ್ಯಕ್ಕೆ ಅಷ್ಟು ಸಾಕು. ಅದರೊಳಗೆ ಮೊದಲು ಇದ್ದುದು ಎಲ್ಲಿಯದು, ಯಾರು ಕಾಯಿಸಿದ್ದು ಎಂದು ವಿಚಾರಿಸಿದವರಿಲ್ಲ.

ಮಂಜರಾಬಾದು ಎಂದು ಹೆಸರಾಗಿದ್ದ ಈ ಸೀಮೆಗೆ ಬೀರು ಬಂದುದು ಕಾಫಿಯ ಹಿಂದೆ. 1843ರಲ್ಲಿ ಗ್ರೀನ್ ಎಂಬ ಆಂಗ್ಲನು ಇಲ್ಲಿ ತೋಟ ಹಾಕಿದನು. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಮೈಸೂರಿನ ಚಿನ್ನ, ಬೇಟೆ, ಕಾಫಿ ಬೇಸಾಯಗಳನ್ನು ಕುರಿತು 1894ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಮೈಲಿಗಟ್ಟಲೆ ಕಾಡಿನ ಮಧ್ಯೆ ಒಬ್ಬೊಬ್ಬನೇ ಬಿಳಿಯ ದೊರೆ. ಜಡಿಮಳೆ ಹಿಡಿದರೆ ನೆರೆತೋಟದವನ ಮುಖವನ್ನೂ ಕಾಣುವಂತಿಲ್ಲ. 1893ರಲ್ಲಿ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು ಹುಟ್ಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೀರು ಸುಲಭವಾಗಿ ಘಟ್ಟವೇರುವ ಪದಾರ್ಥವಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಒಡೆಯಬೇಕು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮ್ಮ ಗೃಹಿಣಿಯರಿಗೆ ಕೆಲಸದ ಈ ಮೊದಲರ್ಧ ಹೊಸದೇನಲ್ಲ. ಆಮೇಲೆ ಬಿಸಿನೀರಿನಲ್ಲಿ ಅದರ ಸಾರ ತೆಗೆದು, ಹಾಪ್ ಎಂಬ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಹುಳಿಯಲು ಬಿಡುವರು. ಈ ಹುಳಿಯುವಿಕೆಗೆ ತಂಪು ಬೇಕು. ಸೆಕೆ ಹೆಚ್ಚಿದರೆ ಕೆಟ್ಟು ಹೋಗುತ್ತದೆ. ತಂಪುಯಂತ್ರಗಳಿಲ್ಲದ ಕಾಲದಲ್ಲಿ ಆಂಗ್ಲರು ಕಸೌಲಿ, ಮರ್ರಿ, ನೀಲಗಿರಿಗಳಂಥ ಬೆಟ್ಟಗಳನ್ನು ಹುಡುಕಿಕೊಂಡು ಹೋಗಿ ಬೀರಿನ ಭಟ್ಟಿಗಳನ್ನು ಹೂಡಿದುದು ಇದಕ್ಕಾಗಿಯೇ. ಅಲ್ಲಿಯವರೆಗೆ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬೀರು ಆಫ್ರಿಕವನ್ನು ಸುತ್ತಿ, ತಿಂಗಳುಗಟ್ಟಲೆ ಹಡಗಿನಲ್ಲಿ ಓಲಾಡಿ ಬರಬೇಕಾಗಿತ್ತು.

ದಕ್ಷಿಣದಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ ಆರಂಭವಾಯಿತು. 1885ರಲ್ಲಿ ಬೆಂಗಳೂರು ಬ್ರೂಯಿಂಗ್ ಕಂಪನಿ ಬಂದಿತು. ದಂಡಿನ ಸೋಲ್ಜರುಗಳ ದಾಹ ಅಷ್ಟಿತ್ತು. ನೀಲಗಿರಿ ಬ್ರೂವರಿ ಮುಂತಾಗಿ ಇನ್ನೂ ಕೆಲವಿದ್ದುವು. ಭಾರಿ ಪೀಪಾಯಿಗಳನ್ನು ಎತ್ತಿನ ಗಾಡಿಗೇರಿಸಿ ಪಾಳೆಯಗಳಿಗೆ ಸಾಗಿಸುತ್ತಿದ್ದರೆಂದು ಪ್ರತೀತಿ. ಸಕಲೇಶಪುರಕ್ಕಾದರೋ, ಸರಕು ಬರ್ಟನ್ನಿನದಾಗಲಿ ಬೆಂಗಳೂರಿನದಾಗಲಿ, ಮೋಟಾರು ಬರುವವರೆಗೆ ಗಾಡಿಯೇ ಗತಿ. ಈ ಊರು ರೈಲಿನ ಸಿಳ್ಳು ಕೇಳಿದುದು 1970ರ ದಶಕದಲ್ಲಿ. ಆ ವೇಳೆಗೆ ದೊರೆಗಳ ಕಾಲವೇ ಮುಗಿದಿತ್ತು.

1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಇಂಥ ಐದು ಭಟ್ಟಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂದು ಹೆಸರಿಟ್ಟನು. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನವೇ. ಆದರೆ ಒಂದೊಂದು ಊರಿನ ನೀರಿಗೆ, ಒಬ್ಬೊಬ್ಬ ಭಟ್ಟಿಯವನ ಕೈಗುಣಕ್ಕೆ ಇದ್ದ ಬೇರೆಬೇರೆ ರುಚಿಗಳು ಒಂದು ಹೆಸರಿನ ಕೆಳಗೆ ಕರಗಿಹೋದುವು. 1947ರಲ್ಲಿ ವಿಠಲ ಮಲ್ಯರು ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅವರ ಮನೆತನದ ಮೂಲ ಬಂಟ್ವಾಳ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರು ಹಾಯ್ದು ಹೋಗುವ ಊರು. ವಿಚಿತ್ರವೆಂದರೆ ಆ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು; 1948ರ ವೇಳೆಗೆ ಆ ಪ್ರಾಂತವಿಡೀ ಪಾನನಿರೋಧಕ್ಕೆ ಒಳಪಟ್ಟಿತು. ಬೆಂಗಳೂರಿನಲ್ಲಿ ಭಟ್ಟಿಯಿದ್ದ ಜಾಗದಲ್ಲಿ ಈಗ ಎತ್ತರದ ಮಳಿಗೆಗಳಿವೆ. ಎದುರಿನ ರಸ್ತೆಗೆ ಮಲ್ಯರ ಹೆಸರಿದೆ. ಸಂಸ್ಥೆಯ ಹಿಡಿತವೂ 2021ರಲ್ಲಿ ಡಚ್ಚರ ಹೈನೆಕೆನ್ ಕಂಪನಿಗೆ ಹೋಯಿತು.

ಇಂಗ್ಲೆಂಡಿನಲ್ಲಿಯೂ ದೊಡ್ಡವು ಚಿಕ್ಕವನ್ನು ನುಂಗಿದುವು. ಅಲ್ಲಿ ಮಾತ್ರ ಜನ ಸುಮ್ಮನಿರಲಿಲ್ಲ. 1971ರಲ್ಲಿ ನಾಲ್ವರು ಗೆಳೆಯರು ಕೂಡಿ ಊರೂರಿನ ಹಳೆಯ ಬೀರನ್ನು ಉಳಿಸಲು ಸಂಘ ಕಟ್ಟಿದರು. ಅದು ಸಹಸ್ರಾರು ಸದಸ್ಯರ ಚಳುವಳಿಯಾಗಿ ಬೆಳೆಯಿತು. ತಾತ ಕುಡಿದ ಬೀರಿನ ಹೆಸರು ಮೊಮ್ಮಗನಿಗೆ ತಿಳಿದಿರುವ ನಾಡು ಅದು. ನಮ್ಮ ಐದು ಭಟ್ಟಿಗಳಿಗೆ ಆ ಭಾಗ್ಯ ಒದಗಲಿಲ್ಲ. ಕುಡಿದವರು ಹಡಗು ಹತ್ತಿ ಹೋದರು. ಪೀಪಾಯಿ ಉರುಳಿಸಿದವರಿಗೆ, ಗಾಡಿ ಹೊಡೆದವರಿಗೆ ಅದರ ರುಚಿಯೇ ಗೊತ್ತಿರಲಿಲ್ಲ. ನೆನಪಿಡಬೇಕಾದವರಾದರೂ ಯಾರು?

ತೋಟದಲ್ಲಿ ದುಡಿದವರ ಪಾನೀಯವೇ ಬೇರೆ. ಅದು ಬಗನಿಯ ಕಳ್ಳು. ಆ ಮರವನ್ನು ಬೈನೆ ಎನ್ನುವವರೂ ಉಂಟು. ಹೂಗೊನೆಯನ್ನು ಹದವಾಗಿ ಕೊಯ್ದು ಮಡಕೆ ಕಟ್ಟಿದರೆ ರಸ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಸಿಹಿ, ಬಿಸಿಲೇರಿದಂತೆ ಹುಳಿ. ಹಾಪ್ ಹೂವಾಗಲಿ, ತಂಪುಯಂತ್ರವಾಗಲಿ ಬೇಡ. ಆದರೆ ಅದು ಒಂದು ದಿನವೂ ತಡೆಯದು. ಆದ್ದರಿಂದ ಸೀಸೆಗೆ ಇಳಿಯಲಿಲ್ಲ, ಹೆಸರಿನ ಚೀಟಿ ಅಂಟಿಸಿಕೊಳ್ಳಲಿಲ್ಲ, ಕ್ಲಬ್ಬಿನ ಮೆಟ್ಟಿಲು ಹತ್ತಲಿಲ್ಲ. ಅಬಕಾರಿಯವರ ಲೆಕ್ಕದಲ್ಲಿ ಮಾತ್ರ ಮರಕ್ಕಿಷ್ಟು ಎಂದು ದಾಖಲಾಯಿತು. ಇದರಿಂದ ಮನೆ ಮುರಿದುಕೊಂಡ ಕುಟುಂಬಗಳೂ ಇಲ್ಲದಿಲ್ಲ. ಆ ಕಣ್ಣೀರನ್ನು ಮರೆತು ಕಳ್ಳನ್ನು ಕೊಂಡಾಡುವುದು ಸರಿಯಾಗದು.

ಮರವಂತೂ ಇದೆ. ಬಿಸಿಲೆಯ ಕಾಡಿನಲ್ಲಿ, ಆಲೂರಿನ ತೋಟಗಳ ಅಂಚಿನಲ್ಲಿ ಬಗನಿ ಇಂದಿಗೂ ಜಡೆ ಇಳಿಬಿಟ್ಟು ನಿಂತಿದೆ. ಕಳ್ಳು ಇಳಿಸಬಲ್ಲವರು ವಿರಳರಾಗುತ್ತ ಬಂದಿದ್ದಾರೆ. ಈಗ ಅದನ್ನು ಹುಡುಕಿ ಬರುವುದು ಆನೆ. ಮರವನ್ನು ಕೆಡವಿ, ತಿರುಳನ್ನು ಸೀಳಿ ತಿಂದು ಹೋಗುತ್ತದೆ.