ಖಾಲಿ ಸೈಟಿಗೂ ಕಾನೂನಿನ ಕಾವಲು ಬೇಕು

ಚಿತ್ರದುರ್ಗದ ಹೊಸ ಬಡಾವಣೆಯಿರಲಿ, ಹಿರಿಯೂರಿನ ಹೆದ್ದಾರಿ ಬದಿಯಿರಲಿ, ಖಾಲಿ ಸೈಟು ಕೈಬಿಡುವ ಬಗೆ ಒಂದೇ. ಮೊದಲು ಒಂದು ಲೋಡು ಸೈಜುಗಲ್ಲು ಬೀಳುತ್ತದೆ. ವಾರದೊಳಗೆ ಶೀಟಿನ ಶೆಡ್ಡು ಏಳುತ್ತದೆ, ಅದರೊಳಗೆ ಒಂದು ಸಂಸಾರ ಬರುತ್ತದೆ. ಆಮೇಲೆ ಕರೆಂಟ್ ಬಿಲ್ಲೇ ದಾಖಲೆ. ಬೆಂಗಳೂರಿನಲ್ಲಿ ದುಡಿಯುವ ಮಾಲೀಕ ಹಬ್ಬಕ್ಕೆ ಬಂದು ನೋಡಿ ಠಾಣೆಗೆ ಓಡಿದರೆ, ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂಬ ಉತ್ತರ. ಕೊನೆಗೆ ಮಧ್ಯಸ್ಥರು ಬಂದು, ತನ್ನದೇ ಜಾಗ ಬಿಡಿಸಿಕೊಳ್ಳಲು ಅವನಿಂದಲೇ ಹಣ ಕೀಳುತ್ತಾರೆ.

ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆ, 2011 ಇದೆಯಲ್ಲ ಎನ್ನಬಹುದು. ಕಬಳಿಸಿದವರಿಗೆ ಒಂದರಿಂದ ಮೂರು ವರ್ಷ ಜೈಲು ಎನ್ನುತ್ತದೆ ಅದು. ಆದರೆ ಅದರ ರಕ್ಷಣೆ ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಮುಜರಾಯಿಯಂಥ ಆಸ್ತಿಗಳಿಗೆ ಮಾತ್ರ. ನಿವೃತ್ತ ಶಿಕ್ಷಕರ ಮೂವತ್ತು–ನಲವತ್ತರ ಸೈಟು ಅದರ ವ್ಯಾಪ್ತಿಗೇ ಬರುವುದಿಲ್ಲ. ಹಿರಿಯೂರಿನ ಧರ್ಮಪುರ ಹೋಬಳಿ ದಾಟಿದರೆ ಸಿಗುವ ಆಂಧ್ರ 1982ರಲ್ಲೇ ಖಾಸಗಿ ಜಮೀನನ್ನೂ ಇಂಥ ಕಾಯ್ದೆಯೊಳಗೆ ತಂದಿತ್ತು. ನಮಗೇಕೆ ಆಗದು? ಸರ್ಕಾರಿ ಜಾಗಗಳ ಕಬಳಿಕೆಗೆ ಈಗಿನ ಕಾಯ್ದೆ ಇದೆ ನಿಜ. ಆದರೆ ವಿಶೇಷ ನ್ಯಾಯಾಲಯ ಇರುವುದು ಬೆಂಗಳೂರಿನಲ್ಲಿ. ನಮ್ಮ ಜಿಲ್ಲೆಯವರು ಕೂಲಿ ಬಿಟ್ಟು ಎಷ್ಟು ವಾಯಿದೆಗೆ ಅಲ್ಲಿಗೆ ಅಲೆದಾರು?

ಕಠಿಣ ಕಾನೂನು ಬಡವರ ಮೇಲೆ ತಿರುಗುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಬಗರ್‌ಹುಕುಂ ಸಾಗುವಳಿದಾರರ ಅರ್ಜಿಗಳನ್ನು ತೀರ್ಮಾನಿಸಲು ಬೇರೆಯೇ ಸಮಿತಿಗಳಿವೆ. ಬಾಡಿಗೆದಾರರಿಗೆ ಬಾಡಿಗೆ ಕಾನೂನಿದೆ. ಅವರನ್ನು ಇದರೊಳಗೆ ಎಳೆಯಬಾರದು. ಆದರೆ ಶೆಡ್ಡಿನಲ್ಲಿರುವ ಕೂಲಿ ಸಂಸಾರವನ್ನು ಅಲ್ಲಿ ಕೂರಿಸಿದವನು ಬಡವನಲ್ಲ. ಶಿಕ್ಷೆ ಅವನಿಗಾಗಬೇಕು, ಆ ಸಂಸಾರಕ್ಕೆ ಬೇರೆ ನೆಲೆ ಹುಡುಕಿಕೊಳ್ಳಲು ಸಮಯ ಸಿಗಬೇಕು.

ಕಾನೂನು ಬದಲಾಗುವವರೆಗೆ ಮಾಲೀಕರು ಸುಮ್ಮನೆ ಕೂರುವಂತಿಲ್ಲ. ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ, ಬೇಲಿ ಹಾಕಿಸಿ. ಕಂದಾಯ ಬಾಕಿ ಬಿಡಬೇಡಿ; ಇ-ಖಾತೆ ಮಾಡಿಸಿಕೊಳ್ಳಿ, ಆಗಾಗ ಇ.ಸಿ. ತೆಗೆಸಿ ನೋಡಿ. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ; ಅಲ್ಲಿ ಒಡೆತನ ಸಾಬೀತುಪಡಿಸಬೇಕಿಲ್ಲ, ಸ್ವಾಧೀನ ಇತ್ತೆಂದು ತೋರಿಸಿದರೆ ಸಾಕು. ಒಬ್ಬ 12 ವರ್ಷ ಬಹಿರಂಗವಾಗಿ, ನಿಮ್ಮ ಹಕ್ಕನ್ನೇ ಅಲ್ಲಗಳೆದು ಕೂತರೆ ಜಾಗದ ಹಕ್ಕೇ ಕೈತಪ್ಪಬಹುದು. ರೌಡಿಗಳನ್ನು ಕರೆತಂದು ಖಾಲಿ ಮಾಡಿಸಲು ಮಾತ್ರ ಹೋಗಬೇಡಿ. ನಾಳೆ ಆರೋಪಿಯಾಗುವವರು ನೀವೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕ್ಷೇತ್ರಗಳ ಶಾಸಕರು ಪಕ್ಷ ಮರೆತು ಸದನದಲ್ಲಿ ಮೂರು ಬೇಡಿಕೆ ಇಡಲಿ: ಸಣ್ಣ ಮಾಲೀಕರ ಖಾಸಗಿ ಜಾಗಕ್ಕೂ ಕಾಯ್ದೆಯ ರಕ್ಷಣೆ, ಜಿಲ್ಲಾ ಕೇಂದ್ರದಲ್ಲೇ ವಿಚಾರಣೆ, ತೀರ್ಪಿಗೆ ಕಾಲಮಿತಿ. ಜೀವಮಾನದ ಉಳಿತಾಯ ಸುರಿದು ಸೈಟು ಕೊಂಡವರಿಗೆ ಸರ್ಕಾರ ಕೊಡಬೇಕಾದ ಕನಿಷ್ಠ ರಕ್ಷಣೆ ಇದು.